ಶಾಲೆ ವ್ಯಾನಿನಲ್ಲಿ ಬಿಚ್ಚಿಕೊಂಡ ತಿಂಡಿ ಡಬ್ಬಿಗಳು

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯೇ ಶಿರಸಿ ಪೇಟೆಗೆ ಹೋಗಬೇಕಿತ್ತು. ಬಸ್ಸು ಬರಲಿಲ್ಲ. ಮಗಳನ್ನು ಹತ್ತಿಸೋಕೆ ರಸ್ತೆಗೆ ಬಂದಿದ್ದೆ, ವ್ಯಾನಿನ ಡ್ರೈವರ್ "ಹತ್ತಿ ಅಕ್ಕಾ, ಹಿಂದೆ ಜಾಗ ಇದ್ದು" ಅಂದರು. ಹಾಗೆ ಮೊದಲ ಸಲ ಮಕ್ಕಳ ಜೊತೆ ಹಿಂದಿನ ಸೀಟಿನಲ್ಲಿ ಕೂತೆ.

ಹುಲೇಕಲ್ ಕಡೆಯಿಂದ ಶಿರಸಿಗೆ ಬರುವ ರಸ್ತೆ, ಒಂದು ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಮನೆಯಲ್ಲಿ ಏಳು ಗಂಟೆಗೆ "ಆಯಿ, ಎಂಗೆ ಬ್ಯಾಡ" ಅಂತ ದೋಸೆ ತಟ್ಟೆ ದೂಡಿ ಎದ್ದಿದ್ದ ಮಗಳು ಅರ್ಧ ದಾರಿಗೇ ಬ್ಯಾಗಿನ ಜಿಪ್ ಎಳೆದು ಮಧ್ಯಾಹ್ನದ ಡಬ್ಬಿ ಹೊರಗೆ ತೆಗೆದಳು. ಅವಳೊಬ್ಬಳೇ ಅಲ್ಲ, ಸುತ್ತ ಇದ್ದವರದ್ದೆಲ್ಲ ಅದೇ ಕೆಲಸ. ಒಬ್ಬ ಹುಡುಗ ಚಮಚದಲ್ಲಿ ಉಪ್ಪಿಟ್ಟು ತಿನ್ನೋಕೆ ನೋಡುತ್ತಿದ್ದ, ಪ್ರತಿ ತಿರುವಿಗೂ ಅರ್ಧ ಬಾಯಿಗೆ, ಅರ್ಧ ಚಡ್ಡಿ ಮೇಲೆ. ಇನ್ನೊಬ್ಬಳ ಡಬ್ಬಿಯಲ್ಲಿ ಇಡ್ಲಿ ಚೆನ್ನಾಗೇ ಇತ್ತು, ಆದರೆ ನೀರು ಚಟ್ನಿ ಸೋರಿ ನೋಟ್‌ಬುಕ್ಕಿನ ಮೂಲೆ ಒದ್ದೆ. ಇಬ್ಬರು ಕ್ರೀಮ್ ಬಿಸ್ಕೆಟಿನ ಪೊಟ್ಟಣ ಒಡೆದು ಪೇಟೆ ಮುಟ್ಟುವ ಮೊದಲೇ ಖಾಲಿ ಮಾಡಿದರು. ಎಲ್ಲರಿಗಿಂತ ಸಣ್ಣವನು ಏನೂ ತಿನ್ನದೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. "ತಿಂಡಿ ತಿಂದ್ಯಾ ಮಗಾ?" ಅಂದರೆ ತಲೆ ಅಲ್ಲಾಡಿಸಿದ. ನನ್ನ ಚೀಲದಲ್ಲಿದ್ದ ಬಾಳೆಹಣ್ಣು ಕೊಟ್ಟೆ. ಎರಡೇ ತುತ್ತಿಗೆ ಮುಗಿಸಿದ.

ಮಕ್ಕಳು ಏಳು ಗಂಟೆಗೆ ಹಸಿವಿಲ್ಲ ಅನ್ನೋದು ಹಠ ಅಲ್ಲ, ಅದು ನಿಜವೇ. ಆಗಷ್ಟೇ ಎದ್ದು, ಸ್ನಾನ ಮಾಡಿ, ಜಡೆ ಹಾಕಿಸಿಕೊಂಡು, ಸಾಕ್ಸ್ ಹುಡುಕುವ ಗಡಿಬಿಡಿಯಲ್ಲಿ ಹೊಟ್ಟೆ ಇನ್ನೂ ಎಚ್ಚರ ಆಗಿರೋದಿಲ್ಲ. ಹಸಿವೆ ಬರೋದು ಎಂಟರ ಮೇಲೆ. ರಾತ್ರಿ ಎಂಟಕ್ಕೆ ಉಂಡ ಮಗು ಬೆಳಿಗ್ಗೆ ತಿನ್ನದೆ ಹೋದರೆ ಮರುದಿನ ಮಧ್ಯಾಹ್ನ ಒಂದರ ತನಕ 17 ತಾಸು. ದೊಡ್ಡವರಿಗೇ ಅದು ಜಾಸ್ತಿ ಅಲ್ವಾ? ಸರ್ಕಾರಿ ಶಾಲೆ ಮಕ್ಕಳಿಗೆ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಬಿಸಿ ಹಾಲಾದರೂ ಇದೆ, ಒಂದು ಮಗುವಿಗೆ 150 ಮಿ.ಲೀ. ಬೇಗ ಹೊರಟು ದೂರದ ಖಾಸಗಿ ಶಾಲೆಗೆ ಹೋಗೋ ಮಕ್ಕಳಿಗೆ ಅದೂ ಇಲ್ಲ. ಒತ್ತಾಯ ಮಾಡಿ ತಿನ್ನಿಸಿ ಕಳಿಸಿದರೆ ಇದೇ ತಿರುವಿನಲ್ಲಿ ವಾಂತಿ. ಅದಕ್ಕೇ ನಾನು ಹೇಳೋದು, ತಿಂಡಿ ಮಗುವಿನ ಜೊತೆಗೇ ಹೋಗಬೇಕು.

ಆದರೆ ಎಂಥ ತಿಂಡಿ? ವ್ಯಾನಿನಲ್ಲಿ ಕೂತು ನೋಡಿದ ಮೇಲೆ ನನಗೆ ಸ್ಪಷ್ಟ ಆಗಿದ್ದು, ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು, ಸೋರಬಾರದು, ಆರಿದ ಮೇಲೂ ಮೆತ್ತಗಿರಬೇಕು, ಚಟ್ನಿ ಬೇಡದೇ ರುಚಿ ಇರಬೇಕು. ಹೀಗೆ ಲೆಕ್ಕ ಹಾಕಿದಾಗ ಮೊದಲು ನೆನಪಾಗಿದ್ದು ಹಲಸಿನ ಎಲೆಯ ಕೊಟ್ಟೆ ಕಡುಬು.

ನಮ್ಮಲ್ಲಿ ಇದನ್ನು ಹಬ್ಬಕ್ಕೆ, ನೆಂಟರು ಬಂದಾಗ ಮಾಡೋದು ಜಾಸ್ತಿ. ಕೆಲಸ ಎನ್ನುವುದು ಕೊಟ್ಟೆ ಕಟ್ಟೋದರಲ್ಲೇ ಇದೆ. ತೀರಾ ಎಳೆಯದೂ ಅಲ್ಲದ, ಬಲಿತು ಗಡುಸೂ ಆಗದ ನಾಲ್ಕು ಎಲೆ ಆರಿಸಿಕೊಳ್ಳಬೇಕು. ಅವನ್ನು ಅಡ್ಡ-ಉದ್ದ ಇಟ್ಟು, ಮಡಚಿ, ತೆಂಗಿನ ಗರಿಯ ಕಡ್ಡಿಯ ಸಣ್ಣ ಸಣ್ಣ ತುಂಡು ಚುಚ್ಚಿದರೆ ಲೋಟದ ಆಕಾರ ಬರುತ್ತದೆ. ಅದನ್ನು ಹಿಂದಿನ ದಿನ ಸಂಜೆಯೇ ಮಾಡಿಟ್ಟರೆ ಆಯಿತು, ಮಗಳು ಹೋಂವರ್ಕ್ ಮುಗಿಸಿ ಪಕ್ಕದಲ್ಲಿ ಕೂತು ಕಡ್ಡಿ ಮುರಿದು ಕೊಡುತ್ತಾಳೆ. ಹಿಟ್ಟು ಮಾಮೂಲಿ ಉದ್ದು ಮತ್ತು ಅಕ್ಕಿ ರವೆಯದ್ದೇ. ಅದಕ್ಕೆ ತುರಿದ ಗಜ್ಜರಿ, ಕಾಯಿ ಚೂರು, ಸ್ವಲ್ಪ ಕಾಳುಮೆಣಸು ಸೇರಿಸುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಒಲೆ ಮೇಲಿಟ್ಟರೆ ಅರ್ಧ ತಾಸಿನ ಹಬೆಯಲ್ಲಿ ಬೇಯುತ್ತದೆ, ಆ ಹೊತ್ತಿಗೆ ಜಡೆ ಹಾಕಿ ಮುಗಿಸಬಹುದು. ಬೆಂದ ಮೇಲೆ ಕಡುಬು ಎಲೆಗೆ ಕಚ್ಚಿಕೊಂಡು ನಿಲ್ಲುತ್ತದೆ, ಹಾಗಾಗಿ ಡಬ್ಬಿಗೆ ಹಾಕುವ ಮೊದಲು ಕಡ್ಡಿಗಳನ್ನು ಎಣಿಸಿ ಕಿತ್ತುಬಿಡುತ್ತೇನೆ. ಚಿಕ್ಕ ಮಕ್ಕಳ ಬಾಯಿಗೆ ಕಡ್ಡಿ ಹೋಗಬಾರದು, ಇದೊಂದನ್ನು ಮರೆಯಲೇಬಾರದು. ಎಲೆ ಸುಲಿದು ಸುಲಿದು ತಿನ್ನೋದು ಮಕ್ಕಳಿಗೆ ಖುಷಿ. ಕೈ ಅಂಟಾಗೋಲ್ಲ, ಆ ಎಲೆಯ ಪರಿಮಳ ಬೇರೆ.

ಶಿರಸಿ ಮಳೆಯಲ್ಲಿ ಹಿಟ್ಟು ಉಬ್ಬೋದಿಲ್ಲ ಅನ್ನೋದೊಂದು ತಾಪತ್ರಯ. ನಾನು ಪಾತ್ರೆಯನ್ನು ರಾತ್ರಿ ಬಚ್ಚಲ ಒಲೆಯ ಹತ್ತಿರ ಇಡುತ್ತೇನೆ, ಆ ಕಾವಿಗೆ ಉಬ್ಬುತ್ತದೆ.

ದಿನಾ ಕೊಟ್ಟೆ ಕಟ್ಟೋಕೆ ಆಗೋದಿಲ್ಲ, ಖಂಡಿತ. ಸೌತೆಕಾಯಿ ತುರಿದು ಹಾಕಿದ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಆರಿದರೂ ಮೆತ್ತಗಿರುತ್ತದೆ, ಒಳಗೆ ಕಾಯಿ-ಬೆಲ್ಲ ಹರವಿ ಸುರುಳಿ ಸುತ್ತಿ ಕೊಡುತ್ತೇನೆ. ವಾರಕ್ಕೊಮ್ಮೆ ಅಕ್ಕಿಯ ಜೊತೆ ರಾಗಿ ಹಿಟ್ಟು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಅದು ತೀರಾ ಕಡಿಮೆ, ಬೆಳೆಯುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಕಾರವಾರದ ಗೆಳತಿ ಕಲಿಸಿದ್ದು ಸುರ್ನಳಿ: ಅಕ್ಕಿ, ಅವಲಕ್ಕಿ, ಕಾಯಿ, ಮಜ್ಜಿಗೆ, ಬೆಲ್ಲ, ಚಿಟಿಕೆ ಅರಿಶಿನ ಹಾಕಿ ಒಂದೇ ಬದಿ ಬೇಯಿಸುವ ದಪ್ಪ ದೋಸೆ. ಸ್ಪಂಜಿನ ಹಾಗಿರುತ್ತದೆ, ಚಟ್ನಿಯೇ ಬೇಡ. ಅವಳು ಮಗನಿಗೆ ಅದರ ಜೊತೆ ಒಂದು ಬೇಯಿಸಿದ ಮೊಟ್ಟೆಯನ್ನೂ ಇಡುತ್ತಾಳೆ. ನಮ್ಮನೆಯಲ್ಲಿ ಮೊಟ್ಟೆ ಇಲ್ಲ, ಬದಲಿಗೆ ಶೇಂಗಾ-ಎಳ್ಳಿನ ಉಂಡೆ ಒಂದು. ಬನ್ಸ್ ಮಕ್ಕಳಿಗೆ ಪ್ರಾಣ, ಆದರೆ ಎಣ್ಣೆಯಲ್ಲಿ ಕರಿದದ್ದು, ದಿನಾ ಬೇಡ.

ಇಷ್ಟಾದರೂ ಓಡುವ ವ್ಯಾನಿನಲ್ಲಿ ತಿನ್ನೋದು ನನಗೆ ಇಷ್ಟ ಇಲ್ಲ. ತಿರುವಿನಲ್ಲಿ ತುತ್ತು ಗಂಟಲಿಗೆ ಸಿಕ್ಕರೆ ಅನ್ನೋ ಹೆದರಿಕೆ ಇದ್ದೇ ಇದೆ. ಮಕ್ಕಳು ಶಾಲೆ ಮುಟ್ಟೋದು ಪ್ರಾರ್ಥನೆಗೆ ಸಾಕಷ್ಟು ಮೊದಲೇ, ಆಗ ಅಂಗಳದಲ್ಲಿ ಸುಮ್ನೆ ಓಡಾಡಿಕೊಂಡು ಇರುತ್ತಾರೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ಕೈ ತೊಳೆಸಿ, ವರಾಂಡದಲ್ಲಿ ಕೂರಿಸಿ ತಿನ್ನೋಕೆ ಬಿಟ್ಟರೆ ಸಾಕು. ಮುಂದಿನ ಪಾಲಕರ ಸಭೆಯಲ್ಲಿ ಇದನ್ನು ಕೇಳಬೇಕು ಅಂತಿದ್ದೇನೆ. ಆ ಸಣ್ಣ ಹುಡುಗನ ಅಮ್ಮನ ಹತ್ತಿರ ಮಾತಾಡಿ ಆಗಿದೆ, ಅವರೂ ಬರುತ್ತಾರೆ.