ಸೋತವರ ಊರಲ್ಲಿ ಗೆದ್ದವನ ಅರಮನೆ

ಮ್ಯಾನ್ಮಾರ್‌ನ (ಹಿಂದಿನ ಬರ್ಮಾ) ಯಾಂಗೋನ್‌ನಿಂದ ಬಗೊ ಊರಿಗೆ ಸುಮಾರು 80 ಕಿಲೋಮೀಟರ್. ಹಳೇ ಪುಸ್ತಕಗಳ ಪೆಗು ಇದೇ. ದಕ್ಷಿಣ ಬರ್ಮಾದ ಹಳೇ ಜನಾಂಗವಾದ ಮೋನರ ರಾಜರು ಆಳಿದ ಹಂಸಾವತಿಯೂ ಇದೇ. ಕೋವಿಡ್‌ಗೂ ಮುಂಚೆ ನಾನು ಯಾಂಗೋನ್‌ನಲ್ಲಿ ಕೆಲಸದಲ್ಲಿದ್ದೆ. ಆಗ ಆಫೀಸಿನ ಗೆಳತಿಯೊಬ್ಬಳು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದಳು. ಅವಳು ಮೋನ್ ಮನೆತನದವಳು.

ಕನ್ಬಾವ್ಜಥಾಡಿ ಅರಮನೆ ನೋಡಿ ಮೊದಲು ನಿರಾಸೆಯೇ ಆಯಿತು. ಎಲ್ಲ ಕಡೆ ಹೊಸ ಚಿನ್ನದ ಬಣ್ಣ. 1990ರ ದಶಕದಲ್ಲಿ ಮತ್ತೆ ಕಟ್ಟಿದ್ದು, ದೊಡ್ಡ ಮದುವೆ ಛತ್ರದ ಹಾಗಿದೆ. ನಾನು ಸುಮ್ನೆ ಫೋಟೋ ತೆಗೆಯುತ್ತಿದ್ದೆ. ಗೆಳತಿ ಮಾತ್ರ ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದ ತೇಗದ ದಿಮ್ಮಿಗಳ ಹತ್ತಿರ ಕೂತುಬಿಟ್ಟಿದ್ದಳು. ಅಗೆತದಲ್ಲಿ ಸಿಕ್ಕ ಅಸಲಿ ಕಂಬಗಳ ಬುಡ ಅವು. ಹಲವುಗಳ ಮೇಲೆ ಬರಹ ಕೆತ್ತಿದ್ದಾರೆ, ಅದೂ ಮೋನ್ ಲಿಪಿಯಲ್ಲಿ.

ಅರಮನೆ ಕಟ್ಟಿಸಿದ್ದು ಬರ್ಮೀಯ ದೊರೆ ಬಯಿನ್ನೌಂಗ್. ಕಂಬದ ಮೇಲೆ ಸೋತ ಮೋನರ ಬರಹ ಯಾಕೆ? ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. ಟೌಂಗೂ ಅನ್ನೋ ಬರ್ಮೀಯ ರಾಜ್ಯದ ದೊರೆ ತಬಿನ್‌ಶ್ವೇಹ್ಟಿ 1539ರ ಹೊತ್ತಿಗೆ ಪೆಗುವನ್ನು ಗೆದ್ದ. ಗೆದ್ದು ವಾಪಸ್ ಹೋಗಲಿಲ್ಲ, ಇಲ್ಲೇ ರಾಜಧಾನಿ ಮಾಡಿಕೊಂಡ. ಮೋನರ ಥರ ಕೂದಲು ಕತ್ತರಿಸಿಕೊಂಡ. ಬಂದರು, ವ್ಯಾಪಾರ, ಪೋರ್ಚುಗೀಸ್ ಬಂದೂಕುಗಾರರು, ಎಲ್ಲ ಇದ್ದದ್ದು ಈ ದಕ್ಷಿಣದಲ್ಲೇ ಅಲ್ವಾ. ಇಷ್ಟಾದರೂ 1550ರಲ್ಲಿ ಅವನನ್ನು ಕೊಂದವರು ಮೋನರೇ. ಆಮೇಲೆ ಅವನ ಭಾವಮೈದುನ ಬಯಿನ್ನೌಂಗ್ ಪೆಗುವನ್ನು ಇನ್ನೊಮ್ಮೆ ಗೆಲ್ಲಬೇಕಾಯಿತು.

1565ರಲ್ಲಿ ಬಯಿನ್ನೌಂಗ್ ದಂಡಯಾತ್ರೆಯಲ್ಲಿದ್ದಾಗ ಇಲ್ಲಿ ದಂಗೆಯೆದ್ದು ಅರಮನೆ ಸುಟ್ಟುಹೋಯಿತು. ಆ ಇಸವಿ ಕೇಳಿದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ನಮ್ಮ ವಿಜಯನಗರ ಹಾಳಾದ ವರ್ಷವೂ ಅದೇ. ಈ ಎರಡು ಊರನ್ನೂ ನೋಡಿದ ಒಬ್ಬ ಮನುಷ್ಯ ಇದ್ದ, ವೆನಿಸ್‌ನ ವ್ಯಾಪಾರಿ ಚೆಸಾರೆ ಫೆಡೆರಿಚಿ. 1567ರಲ್ಲಿ ಅವನು ವಿಜಯನಗರದಲ್ಲಿ ಏಳು ತಿಂಗಳಿದ್ದ. ಮನೆಗಳು ನಿಂತಿವೆ, ಒಳಗೆ ಹುಲಿಗಳಿವೆ ಅಂತ ಬರೆದ. 1569ರಲ್ಲಿ ಪೆಗುವಿಗೆ ಬಂದ. ಇಲ್ಲಿ ಹೊಚ್ಚ ಹೊಸ ಊರು, ಒಂದೊಂದು ದಿಕ್ಕಿಗೂ ಐದು ಬಾಗಿಲು. ಸಯಾಮಿನ (ಈಗಿನ ಥಾಯ್ಲೆಂಡ್) ರಾಜಧಾನಿ ಅಯುತ್ಥಯ ಗೆದ್ದು ಬಂದ ರಾಜನ ಮೆರವಣಿಗೆಯನ್ನೂ ಕಂಡ. ಹಂಪಿಗೆ ಎಷ್ಟೋ ಸಲ ಹೋಗಿದ್ದೇನೆ, ಅಲ್ಲಿ ಯಾರೂ ನನಗೆ ಪೆಗು ಹೆಸರು ಹೇಳಿದ್ದಿಲ್ಲ.

ಆ ವೈಭವ ಉಳಿದದ್ದು ಸುಮಾರು ಮೂವತ್ತು ವರ್ಷ. 1599ರಲ್ಲಿ ಟೌಂಗೂ ಮತ್ತು ಪಶ್ಚಿಮ ಕರಾವಳಿಯ ಅರಾಕಾನ್ ಸೈನ್ಯಗಳು ಸೇರಿ ಪೆಗುವನ್ನು ಹಿಡಿದವು, ಅರಮನೆ ಮತ್ತೆ ಸುಟ್ಟಿತು. ಈ ಟೌಂಗೂ ಅಂದರೆ ಬಯಿನ್ನೌಂಗ್‌ನ ಸ್ವಂತ ವಂಶದವರೇ! ಬರ್ಮೀಯರು ಒಂದು ಕಡೆ, ಮೋನರು ಒಂದು ಕಡೆ ಅಂತ ನಾನು ತಲೆಯಲ್ಲಿ ಎಳೆದುಕೊಂಡಿದ್ದ ಗೆರೆ ಅಲ್ಲಿಗೆ ಅಳಿಸಿಹೋಯಿತು.

ಊಟದ ಹೊತ್ತಿಗೆ ಮಾತು ಅಲೌಂಗ್‌ಪಯನ ಕಡೆ ತಿರುಗಿತು. ಅಲ್ಲಿ ಅವಳ ದನಿ ಬದಲಾಯಿತು. 1752ರಲ್ಲಿ ಪೆಗುವಿನ ಮೋನ್ ಸೈನ್ಯ ಉತ್ತರದ ಬರ್ಮೀಯ ರಾಜಧಾನಿ ಆವಾ ನಗರವನ್ನೇ ಹಿಡಿದಿತ್ತು. ಆಗ ಎದ್ದವನು ಮೊಕ್ಸೋಬೋ ಅನ್ನೋ ಹಳ್ಳಿಯ ಮುಖ್ಯಸ್ಥ, ಈ ಅಲೌಂಗ್‌ಪಯ. ಐದೇ ವರ್ಷದಲ್ಲಿ, 1757ರಲ್ಲಿ, ಪೆಗುವನ್ನು ನೆಲಸಮ ಮಾಡಿದ. ಈ ಸಲ ಗೆದ್ದವನು ಇಲ್ಲಿ ವಾಸಕ್ಕೆ ನಿಲ್ಲಲಿಲ್ಲ. ಮೋನರಿಗೆ ಮತ್ತೆ ರಾಜ್ಯ ಸಿಗಲಿಲ್ಲ.

ಊರು ಎಷ್ಟು ಹಾಳಾಯಿತೆಂದರೆ 55 ಮೀಟರ್ ಉದ್ದದ ಮಲಗಿದ ಬುದ್ಧನನ್ನೇ ಕಾಡು ಮುಚ್ಚಿತು. 1880ರ ಸುಮಾರಿಗೆ ಬ್ರಿಟಿಷರು ರೈಲು ಹಳಿ ಹಾಕುವಾಗ ಮತ್ತೆ ಕಣ್ಣಿಗೆ ಬಿದ್ದ. ಮಧ್ಯಾಹ್ನ ಅಲ್ಲಿಗೂ ಹೋದೆವು, ಜನ ಜಾಸ್ತಿ ಇದ್ದರು.

ವಾಪಸ್ ಬರುವಾಗ ಈಗಿನ ರಾಜಧಾನಿ ನೇಪಿಡಾದ ಪೆರೇಡ್ ಮೈದಾನದಲ್ಲಿ ನಿಲ್ಲಿಸಿರುವ ಮೂರು ರಾಜರ ದೈತ್ಯ ಪ್ರತಿಮೆಗಳ ಬಗ್ಗೆ ಕೇಳಿದೆ. ಹನ್ನೊಂದನೇ ಶತಮಾನದ ಬರ್ಮೀಯ ದೊರೆ ಅನೋರಥ, ಬಯಿನ್ನೌಂಗ್, ಅಲೌಂಗ್‌ಪಯ. "ಮೂವರೂ ನಮ್ಮನ್ನು ಗೆದ್ದವರೇ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ನಡುವಿನವನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ" ಅಂತಲೂ ಸೇರಿಸಿದಳು.