ಸೋಪು ಮರೆತ ದಿನ

ಕೋಲಾರ, 17 ನವೆಂಬರ್ 2024, ಭಾನುವಾರ

ಎಲೆಕೋಸಿನ ಸಾಲಿಗೆ ಬೆಳ್ಳುಳ್ಳಿ ಮೆಣಸಿನಕಾಯಿ ಕಷಾಯ ಹೊಡೆಯಲು ಬೆಳಿಗ್ಗೆ ಹೊರಟವನು ಅದಕ್ಕೆ ಸೋಪಿನ ನೀರು ಬೆರೆಸುವುದನ್ನೇ ಮರೆತಿದ್ದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಕಷಾಯವೆಲ್ಲ ಮಣಿಮಣಿಯಾಗಿ ಉರುಳಿ ಬುಡದ ಮಣ್ಣು ಸೇರಿತ್ತು. “ಹುಳಕ್ಕಲ್ಲ, ಮಣ್ಣಿಗೆ ಒಗ್ಗರಣೆ ಹಾಕಿದೆ” ಎಂದು ಅಮ್ಮ ನಕ್ಕರು.

ಪಂಪನ್ನು ಬದಿಗಿಟ್ಟು ಒಂದು ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಬೂದಿಯಂಥ ಲೇಪ ಬೆರಳಿಗೆ ಬಂದು, ಅಡಿಯ ಕಡುಹಸಿರು ಕಾಣಿಸಿತು. ಅಲ್ಲಿ ಬಿಟ್ಟ ಹನಿ ಚಪ್ಪಟೆಯಾಗಿ ಹರಡಿಕೊಂಡರೆ, ಪಕ್ಕದಲ್ಲೇ ಉಜ್ಜದ ಜಾಗಕ್ಕೆ ಬಿದ್ದ ಹನಿ ಪಾದರಸದಂತೆ ಗುಂಡಗೆ ನಿಂತು, ಎಲೆಯನ್ನು ತುಸು ಓರೆ ಮಾಡಿದೊಡನೆ ಜಾರಿಹೋಯಿತು. ಆ ಬೂದಿಯೇ ಮೇಣ. ಅದು ನಯವಾದ ಪದರವಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ರಾಶಿ. ಹನಿ ಹರಳುಗಳ ತುದಿಯ ಮೇಲಷ್ಟೇ ಕೂರುವುದರಿಂದ, ಸಂದುಗಳಲ್ಲಿ ಗಾಳಿ ಉಳಿದು, ನೀರಿಗೆ ಹಿಡಿದುಕೊಳ್ಳಲು ಎಲೆಯೇ ಸಿಗುವುದಿಲ್ಲ. ತಾವರೆಯ ಎಲೆಯಲ್ಲಿ ಇದರ ಜೊತೆಗೆ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಉಬ್ಬುಗಳೂ ಇವೆ. ಹೀಗೆ ಉರುಳುವ ಹನಿ ಧೂಳನ್ನೂ ಹೊತ್ತೊಯ್ಯುವುದನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹ್ಯೂಸ್ 1997ರಲ್ಲಿ ವಿವರಿಸಿದರು. ಕೆಸುವಿನೆಲೆಯಲ್ಲಿ ನೀರಾಡಿಸಿ ಬೆಳೆದ ನಮಗೆ ಹನಿಯ ಆಟ ಹೊಸದಲ್ಲ, ಕಾರಣ ಮಾತ್ರ ಹೊಸದು.

ರೋಮವಿರುವ ಎಲೆಗಳ ಲೆಕ್ಕವೇ ಬೇರೆ. ನೀರನ್ನು ಒಲ್ಲದ ರೋಮಗಳು ಒತ್ತಾಗಿದ್ದರೆ ಹನಿಯನ್ನು ಮೇಲೆಯೇ ತಡೆದು ನಿಲ್ಲಿಸುತ್ತವೆ. ನೀರಿಗೆ ಒಗ್ಗುವ ರೋಮಗಳಾದರೆ ಅದನ್ನು ಬುಡಕ್ಕೆಳೆದು ಎಲೆಯನ್ನೇ ತೋಯಿಸಬಲ್ಲವು. ಮಧ್ಯಾಹ್ನ ಕೆರೆಯಿಂದ, ನೀರಿನ ಮೇಲೆ ತೇಲುವ ರೋಮದೆಲೆಯ ಅಂತರಗಂಗೆ ಗಿಡವೊಂದನ್ನು ತಂದೆ. (ಕೋಲಾರದ ಬೆಟ್ಟಕ್ಕೂ ಅದೇ ಹೆಸರಿರುವುದರಿಂದ, ಎಲ್ಲಿಗೆ ಹೋಗಿದ್ದೆ ಎಂದು ಮನೆಯಲ್ಲಿ ಎರಡು ಸಲ ವಿವರಿಸಬೇಕಾಯಿತು.) ಅದರ ಎಲೆಯನ್ನು ಬಕೆಟ್ಟಿನ ನೀರಿನಲ್ಲಿ ಅದುಮಿದರೆ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ, ರೋಮಗಳ ನಡುವೆ ಸಿಕ್ಕಿಕೊಂಡ ಗಾಳಿಯ ಪದರದಿಂದ ಬೆಳಕು ಹಿಂದಿರುಗುವುದೇ ಆ ಹೊಳಪು. ಕೈ ಬಿಟ್ಟಾಗ ಗಿಡ ಒದ್ದೆಯಾಗದ ಮೈಯಲ್ಲೇ ಮೇಲೆದ್ದಿತು. ಕೇರಳದ ಹಿನ್ನೀರನ್ನು ಮುಚ್ಚುವ ಸಾಲ್ವಿನಿಯಾ ಇನ್ನೂ ಚತುರ ಗಿಡ: ಅದರ ರೋಮಗಳ ಮೈಗೆಲ್ಲ ಮೇಣವಿದ್ದರೂ ತುದಿಗೆ ಇಲ್ಲ. ಆ ತುದಿಗಳು ನೀರಿನ ಅಂಚನ್ನು ಕಚ್ಚಿ ಹಿಡಿಯುವುದರಿಂದ ಒಳಗಿನ ಗಾಳಿ ಸುಲಭವಾಗಿ ತಪ್ಪಿಸಿಕೊಳ್ಳಲಾರದು.

ಸಂಜೆ ಸೋಪು ಬೆರೆಸಿದ ಕಷಾಯ ಕೋಸಿನ ಎಲೆಯ ಮೇಲೆ ತೆಳ್ಳಗೆ ಹರಡಿತು, ಏಕೆಂದರೆ ಹನಿಯನ್ನು ಗುಂಡಗಿಡುವ ಮೇಲ್ಮೈಯ ಬಿಗಿತವನ್ನು ಸೋಪು ಸಡಿಲಿಸುತ್ತದೆ. ಉಳಿದ ಕಷಾಯದಲ್ಲಿ ಅಂತರಗಂಗೆಯ ಎಲೆಯನ್ನೂ ಅದ್ದಿ ನೋಡಿದೆ. ಬೆಳ್ಳಿ ಮಾಯವಾಗಿ, ಎಲೆ ಒದ್ದೆ ಬಟ್ಟೆಯಂತೆ ಜೋತುಬಿದ್ದು ಹೊರಬಂದಿತು.