ಅನ್‌ಅಟೆಂಡೆಡ್ ಇನ್‌ಸ್ಟಾಲ್‌ನಲ್ಲಿ ರಿಜಿಸ್ಟ್ರಿ ಸೆಟ್ಟಿಂಗ್ ಕೂರದಿದ್ದರೆ ಎಲ್ಲಿ ನೋಡಬೇಕು

ಆನ್ಸರ್ ಫೈಲ್ (ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್) ಕೊಟ್ಟು ವಿಂಡೋಸ್ ಇನ್‌ಸ್ಟಾಲ್ ಮಾಡುವವರ ದೂರು ಬಹುಪಾಲು ಒಂದೇ ಬಗೆಯದು. ಸ್ಕ್ರಿಪ್ಟ್ ಓಡಿದೆ, ಎರರ್ ಬಂದಿಲ್ಲ, ಆದರೆ ಲಾಗಿನ್ ಆಗಿ ನೋಡಿದರೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಡೇಟಾಬೇಸ್) ಸೆಟ್ಟಿಂಗ್ ಮೊದಲಿದ್ದಂತೆಯೇ ಇದೆ. ಆಗ ಎಲ್ಲರೂ ಕೀ (ರಿಜಿಸ್ಟ್ರಿಯೊಳಗಿನ ಫೋಲ್ಡರಿನಂಥದ್ದು) ಹೆಸರಿನ ಸ್ಪೆಲಿಂಗ್ ತಿದ್ದಲು ಕೂರುತ್ತಾರೆ. ಸ್ಪೆಲಿಂಗ್ ತಪ್ಪಿರುವುದು ಅಪರೂಪ. ಸಾಮಾನ್ಯವಾಗಿ ವ್ಯಾಲ್ಯೂ ಬರೆದಿರುತ್ತದೆ, ಆದರೆ ನೀವು ನೋಡುತ್ತಿರುವ ಹೈವ್‌ನಲ್ಲಿ (ರಿಜಿಸ್ಟ್ರಿಯ ಒಂದು ಪ್ರತ್ಯೇಕ ಭಾಗ) ಅಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ: ಈ ಕಮಾಂಡ್ ಯಾವ ಪಾಸ್‌ನಲ್ಲಿ (ಸೆಟಪ್‌ನ ಹಂತ) ಓಡಿತು, ಯಾರ ಹೆಸರಿನಲ್ಲಿ ಓಡಿತು?

(ಕಮಾಂಡು, ಕೀಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ರೋಮನ್ ಅಕ್ಷರಗಳೇ ಬೇಕು.)

ಸೆಟಪ್‌ನಲ್ಲಿ ಒಟ್ಟು 7 ಪಾಸ್‌ಗಳಿವೆ. ರಿಜಿಸ್ಟ್ರಿ ಕೆಲಸಕ್ಕೆ ನಮಗೆ ಬೇಕಾಗುವುದು ಮುಖ್ಯವಾಗಿ ಮೂರು: ವಿಂಡೋಸ್‌ಪಿಇ, ಸ್ಪೆಷಲೈಝ್, ಊಬಿಸಿಸ್ಟಮ್.

ವಿಂಡೋಸ್‌ಪಿಇ ಪಾಸ್‌ನಲ್ಲಿ ಎಚ್‌ಕೆಎಲ್‌ಎಂ (ಇಡೀ ಯಂತ್ರದ ಸೆಟ್ಟಿಂಗ್ ಇರುವ ಭಾಗ) ಎಂದರೆ ಮುಂದೆ ಇನ್‌ಸ್ಟಾಲ್ ಆಗುವ ವಿಂಡೋಸ್‌ನ ರಿಜಿಸ್ಟ್ರಿ ಅಲ್ಲ. ಅದು ಎಕ್ಸ್: ಡ್ರೈವ್‌ನಲ್ಲಿ, ಮೆಮರಿಯಲ್ಲಿ ಓಡುತ್ತಿರುವ ಪಿಇಯ (ಇನ್‌ಸ್ಟಾಲ್ ನಡೆಸುವ ಪುಟ್ಟ ವಿಂಡೋಸ್) ಸ್ವಂತ ರಿಜಿಸ್ಟ್ರಿ. ಮೊದಲ ರೀಬೂಟ್‌ಗೆ ಅದು ಮಾಯ. ಸೆಟಪ್ ಪ್ರೋಗ್ರಾಮೇ ಆಗ ಓದುವ ವ್ಯಾಲ್ಯೂಗಳಿಗೆ ಮಾತ್ರ ಈ ಜಾಗ ಸರಿ. ವಿಂಡೋಸ್ 11ರ ಟಿಪಿಎಂ (ಭದ್ರತಾ ಚಿಪ್) ತಪಾಸಣೆ ಬಿಡಿಸುವ ಸಿಸ್ಟಮ್\ಸೆಟಪ್\ಲ್ಯಾಬ್‌ಕಾನ್ಫಿಗ್ ಕೀ ಇಲ್ಲೇ ಇರಬೇಕು. ಅದನ್ನು ಸ್ಪೆಷಲೈಝ್‌ನಲ್ಲಿ ಬರೆದರೆ ತಪಾಸಣೆ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಸ್ಪೆಷಲೈಝ್‌ನಲ್ಲಿ ರನ್‌ಸಿಂಕ್ರನಸ್ ಕಮಾಂಡುಗಳು (ಒಂದು ಮುಗಿದ ಮೇಲೆ ಇನ್ನೊಂದು ಓಡುವಂಥವು) ವಿಂಡೋಸ್‌ನದೇ ಒಳಖಾತೆಯಾದ ಸಿಸ್ಟಮ್ ಖಾತೆಯಲ್ಲಿ ಓಡುತ್ತವೆ. ಎಚ್‌ಕೆಎಲ್‌ಎಂಗೆ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಚ್‌ಕೆಸಿಯುಗೆ (ಕಮಾಂಡ್ ಓಡಿಸುತ್ತಿರುವ ಬಳಕೆದಾರರ ಭಾಗ) ಬರೆದರೆ ಮಾತ್ರ ಅದು ಸಿಸ್ಟಮ್ ಖಾತೆಯ ಹೈವ್‌ಗೆ, ಅಂದರೆ ಎಸ್-1-5-18ಕ್ಕೆ ಹೋಗಿ ಬೀಳುತ್ತದೆ. ಕಮಾಂಡ್ ಯಶಸ್ವಿ ಎಂದೇ ಹೇಳುತ್ತದೆ. ಅದರ ದೃಷ್ಟಿಯಲ್ಲಿ ಅದು ಸರಿಯೂ ಹೌದು.

ಅತಿ ಹೆಚ್ಚು ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎಚ್‌ಕೆಯು (ಲೋಡ್ ಆಗಿರುವ ಬಳಕೆದಾರರ ಹೈವ್‌ಗಳ ಜಾಗ) ಅಡಿಯಲ್ಲಿ ಎಚ್‌ಕೆಯು\.ಡೀಫಾಲ್ಟ್ ಎಂಬ ಹೆಸರು ಕಂಡು, ಹೊಸ ಬಳಕೆದಾರರಿಗೆ ನಕಲಾಗುವ ಪ್ರೊಫೈಲ್ ಇದೇ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ಅದು ಅದೇ ಎಸ್-1-5-18ರ ಇನ್ನೊಂದು ಹೆಸರು, ಲಾಗಿನ್ ಪರದೆ ಬಳಸುವ ಹೈವ್. ನಮ್‌ಲಾಕ್ ಅನ್ನು ಲಾಗಿನ್ ಪರದೆಯಲ್ಲೇ ಆನ್ ಇಡಲು ಕಂಟ್ರೋಲ್ ಪ್ಯಾನೆಲ್\ಕೀಬೋರ್ಡ್ ಅಡಿಯ ಇನಿಶಿಯಲ್‌ಕೀಬೋರ್ಡ್‌ಇಂಡಿಕೇಟರ್ಸ್ ಬದಲಿಸುವಂಥ ಕೆಲಸಕ್ಕೆ ಅದು ಸರಿ. ಅಲ್ಲೂ ಒಂದು ಗಮನ ಬೇಕು: ಆ ವ್ಯಾಲ್ಯೂ ರೆಗ್_ಎಸ್‌ಝಡ್ (ಪಠ್ಯ), ಡಿವರ್ಡ್ (ಸಂಖ್ಯೆ) ಅಲ್ಲ. ಹೊಸ ಬಳಕೆದಾರರ ನಿಜವಾದ ಅಚ್ಚು ಇರುವುದು ಸಿ:\ಯೂಸರ್ಸ್\ಡೀಫಾಲ್ಟ್ ಫೋಲ್ಡರಿನ ಎನ್‌ಟಿಯೂಸರ್.ಡ್ಯಾಟ್ ಫೈಲಿನಲ್ಲಿ. ಅದು ತಾನಾಗಿ ಲೋಡ್ ಆಗುವುದಿಲ್ಲ, ನಾವೇ ಮಾಡಬೇಕು. ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಸೆಟ್ಟಿಂಗ್ ಅನ್ನು ಉದಾಹರಣೆಗೆ ತೆಗೆದುಕೊಂಡರೆ:

ರೆಗ್ ಲೋಡ್ ಎಚ್‌ಕೆಯು\ಡೆಫ್ ಸಿ:\ಯೂಸರ್ಸ್\ಡೀಫಾಲ್ಟ್\ಎನ್‌ಟಿಯೂಸರ್.ಡ್ಯಾಟ್

ರೆಗ್ ಆ್ಯಡ್ "ಎಚ್‌ಕೆಯು\ಡೆಫ್\ಸಾಫ್ಟ್‌ವೇರ್\ಮೈಕ್ರೋಸಾಫ್ಟ್\ವಿಂಡೋಸ್\ಕರೆಂಟ್‌ವರ್ಷನ್\ಎಕ್ಸ್‌ಪ್ಲೋರರ್\ಅಡ್ವಾನ್ಸ್ಡ್" /ವಿ ಹೈಡ್‌ಫೈಲ್‌ಎಕ್ಸ್‌ಟ್ /ಟಿ ರೆಗ್_ಡಿವರ್ಡ್ /ಡಿ 0 /ಎಫ್

ರೆಗ್ ಅನ್‌ಲೋಡ್ ಎಚ್‌ಕೆಯು\ಡೆಫ್

ಮೂರನೆಯ ಸಾಲನ್ನು ಮರೆಯಬಾರದು. ಹೈವ್ ಲೋಡ್ ಆಗಿಯೇ ಉಳಿದರೆ ಫೈಲ್ ಲಾಕ್ ಆಗಿರುತ್ತದೆ, ಮುಂದೆ ಹೊಸ ಪ್ರೊಫೈಲ್ ತಯಾರಾಗುವಾಗ ತೊಂದರೆ ಕೊಡುತ್ತದೆ. ನಡುವಿನ ಬರವಣಿಗೆಯನ್ನು ಪವರ್‌ಶೆಲ್‌ನಿಂದ ಮಾಡಿದ್ದರೆ ಅನ್‌ಲೋಡ್ ಮಾಡುವಾಗ 'ಆ್ಯಕ್ಸೆಸ್ ಈಸ್ ಡಿನೈಡ್' ಬರುವುದು ಮಾಮೂಲು. ಅನುಮತಿಯ ಸಮಸ್ಯೆ ಅಲ್ಲ ಅದು. ಪವರ್‌ಶೆಲ್ ಆ ಕೀಯ ಹ್ಯಾಂಡಲ್ (ತೆರೆದಿಟ್ಟ ಹಿಡಿತ) ಅನ್ನು ಇನ್ನೂ ಬಿಟ್ಟಿರುವುದಿಲ್ಲ. ಅನ್‌ಲೋಡ್‌ಗೆ ಮೊದಲು [ಜಿಸಿ]::ಕಲೆಕ್ಟ್() ಕರೆಯಿರಿ. ಇಂಥ ಎರಡು ಮೂರು ಸಾಲಿನ ಕೆಲಸಕ್ಕೆ ರೆಗ್.ಇಎಕ್ಸ್‌ಇ ಸಾಕು, ಪವರ್‌ಶೆಲ್ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಹೈವ್‌ನಿಂದ ನಕಲಾಗುವುದು ಪ್ರೊಫೈಲ್ ಮೊದಲ ಸಲ ತಯಾರಾಗುವಾಗ ಮಾತ್ರ. ಆಗಲೇ ಒಮ್ಮೆ ಲಾಗಿನ್ ಆದವರಿಗೆ ಈ ಬದಲಾವಣೆ ತಲುಪುವುದಿಲ್ಲ. ಹಾಗಾಗಿ ಇದನ್ನು ಸ್ಪೆಷಲೈಝ್‌ನಲ್ಲೇ ಮುಗಿಸಬೇಕು.

ಊಬಿಸಿಸ್ಟಮ್‌ನ ಫಸ್ಟ್‌ಲಾಗನ್‌ಕಮಾಂಡ್ಸ್ ತದ್ವಿರುದ್ಧ. ಮೊದಲು ಲಾಗಿನ್ ಆದ ಬಳಕೆದಾರರ ಹೆಸರಿನಲ್ಲೇ ಓಡುವುದರಿಂದ ಅಲ್ಲಿ ಎಚ್‌ಕೆಸಿಯು ಸರಿಯಾದ ಹೈವ್. ಆದರೆ ಓಡುವುದು ಒಂದೇ ಸಲ; ಎರಡನೆಯ ಬಳಕೆದಾರರಿಗೆ ಏನೂ ಸಿಗುವುದಿಲ್ಲ. ಎಕ್ಸ್‌ಪ್ಲೋರರ್ ಅಷ್ಟರಲ್ಲಿ ತನ್ನ ಸೆಟ್ಟಿಂಗ್ ಓದಿಕೊಂಡಿದ್ದರೆ, ವ್ಯಾಲ್ಯೂ ಸರಿಯಾಗಿ ಕೂತಿದ್ದರೂ ಅದನ್ನು ರೀಸ್ಟಾರ್ಟ್ ಮಾಡುವವರೆಗೆ ಪರದೆಯ ಮೇಲೆ ಬದಲಾವಣೆ ಕಾಣುವುದಿಲ್ಲ. ಸೆಟಪ್‌ಕಂಪ್ಲೀಟ್.ಸಿಎಂಡಿ ಬಳಸುವವರಿಗೂ ಒಂದು ಮಾತು: ಅದು ವಿಂಡೋಸ್\ಸೆಟಪ್\ಸ್ಕ್ರಿಪ್ಟ್ಸ್ ಫೋಲ್ಡರಿನಿಂದ ಸಿಸ್ಟಮ್ ಖಾತೆಯಲ್ಲೇ ಓಡುತ್ತದೆ. ಒಇಎಂ (ಕಂಪ್ಯೂಟರ್ ತಯಾರಕರು ಹಾಕಿಕೊಟ್ಟ) ಪ್ರಾಡಕ್ಟ್ ಕೀ ಇರುವ ಹೋಮ್, ಪ್ರೊ ಆವೃತ್ತಿಗಳಲ್ಲಿ ಅದು ಓಡುವುದೇ ಇಲ್ಲ. ವರ್ಚುವಲ್ ಮಷೀನಿನಲ್ಲಿ ಸರಿಯಾಗಿದ್ದದ್ದು ಲ್ಯಾಪ್‌ಟಾಪಿನಲ್ಲಿ ಕೈಕೊಟ್ಟರೆ ಮೊದಲು ಇದನ್ನೇ ಅನುಮಾನಿಸಿ.

ಹೈವ್ ಸರಿಯಿದೆ ಎಂದು ಖಚಿತವಾದ ಮೇಲೆ ಕಮಾಂಡಿನ ಬರವಣಿಗೆಯ ಕಡೆ ಬನ್ನಿ.

ಸೆಟಪ್ ಒಂದೇ ಪರದೆಯಲ್ಲಿ ಗಂಟೆಗಟ್ಟಲೆ ನಿಂತಿದ್ದರೆ /ಎಫ್ ಬಿಟ್ಟುಹೋಗಿದೆಯೇ ನೋಡಿ. ಆ ವ್ಯಾಲ್ಯೂ ಮೊದಲೇ ಇದ್ದರೆ ರೆಗ್ ಆ್ಯಡ್ 'ಮೇಲೆ ಬರೆಯಲೇ' ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ, ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ. ಶಿಫ್ಟ್+ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಟಾಸ್ಕ್‌ಲಿಸ್ಟ್ ಹೊಡೆದು ರೆಗ್.ಇಎಕ್ಸ್‌ಇ ಇನ್ನೂ ಓಡುತ್ತಿದೆಯೇ ನೋಡಿದರೆ ಉತ್ತರ ಸಿಕ್ಕಂತೆ.

ಆನ್ಸರ್ ಫೈಲ್ ಎಕ್ಸ್‌ಎಂಎಲ್ ಆದ್ದರಿಂದ ಎರಡು ಕಮಾಂಡ್ ಜೋಡಿಸುವ & ಚಿಹ್ನೆಯನ್ನು ಹಾಗೇ ಬರೆಯುವಂತಿಲ್ಲ, ಎಸ್ಕೇಪ್ ಮಾಡಬೇಕು. ರನ್‌ಸಿಂಕ್ರನಸ್‌ನ ಪಾತ್ ಸಾಲಿಗೆ 259 ಅಕ್ಷರಗಳ ಮಿತಿ ಇದೆ. ಉದ್ದದ ಕೀ ಪಾತ್‌ಗಳಿಗೆ ಅದು ಬೇಗ ತುಂಬುತ್ತದೆ. ಬದಲಾವಣೆ ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಒಂದು ಬ್ಯಾಚ್ ಫೈಲಿಗೆ ಹಾಕಿ, ಆನ್ಸರ್ ಫೈಲಿನಿಂದ ಅದೊಂದನ್ನೇ ಕರೆಯುವುದು ಮೇಲು. ಆದರೆ ಬ್ಯಾಚ್ ಫೈಲಿನೊಳಗೆ ಶೇಕಡಾ ಚಿಹ್ನೆ ಕಾಟ ಕೊಡುತ್ತದೆ. %ಸಿಸ್ಟಮ್‌ರೂಟ್% ಎಂದು ಬರೆದರೆ ಅದು ಆಗಲೇ ಬಿಚ್ಚಿಕೊಂಡು ಸಿ:\ವಿಂಡೋಸ್ ಎಂದು ಕೂರುತ್ತದೆ. ರೆಗ್_ಎಕ್ಸ್‌ಪ್ಯಾಂಡ್_ಎಸ್‌ಝಡ್‌ನಲ್ಲಿ (ಓದುವಾಗ ಬಿಚ್ಚಿಕೊಳ್ಳುವ ಪಠ್ಯ) ಚಿಹ್ನೆ ಹಾಗೇ ಉಳಿಯಬೇಕಾದರೆ ಎರಡೆರಡು ಶೇಕಡಾ ಚಿಹ್ನೆ ಹಾಕಿ.

ಸಂಖ್ಯೆಯ ವಿಷಯದಲ್ಲಿ ಮೋಸ ಹೋಗುವುದು ಸುಲಭ. ರೆಗ್ ಆ್ಯಡ್‌ನಲ್ಲಿ /ಡಿ 10 ಎಂದರೆ ಹತ್ತು. ಅದೇ .ರೆಗ್ ಫೈಲಿನಲ್ಲಿ ಡಿವರ್ಡ್:00000010 ಎಂದರೆ ಹದಿನಾರು, ಅಲ್ಲಿ ಡಿವರ್ಡ್ ಎಲ್ಲವೂ ಹೆಕ್ಸ್ (16ರ ಆಧಾರದ ಸಂಖ್ಯೆ). ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವಾಗ 0, 1ರಂಥ ವ್ಯಾಲ್ಯೂಗಳಲ್ಲಿ ವ್ಯತ್ಯಾಸ ಕಾಣದೆ, ದೊಡ್ಡ ಸಂಖ್ಯೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಪವರ್‌ಶೆಲ್‌ನ ನ್ಯೂ-ಐಟಂಪ್ರಾಪರ್ಟಿಗೆ ಟೈಪ್ ಹೇಳದೆ ಉದ್ಧರಣ ಚಿಹ್ನೆಯೊಳಗೆ "1" ಕೊಟ್ಟರೆ ಅದು ಸ್ಟ್ರಿಂಗ್ ಆಗಿ ಕೂರುತ್ತದೆ. ರೆಗ್‌ಎಡಿಟ್‌ನಲ್ಲಿ ಹೆಸರು ಸರಿ, ವ್ಯಾಲ್ಯೂ ಸರಿ, ಟೈಪ್ ಕಾಲಂ ಮಾತ್ರ ಬೇರೆ. ಡಿವರ್ಡ್ ನಿರೀಕ್ಷಿಸುವ ಪ್ರೋಗ್ರಾಂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು.

32 ಬಿಟ್ ಇನ್‌ಸ್ಟಾಲರ್ ಒಳಗಿಂದ ರೆಗ್.ಇಎಕ್ಸ್‌ಇ ಕರೆದಾಗ ಎಚ್‌ಕೆಎಲ್‌ಎಂ\ಸಾಫ್ಟ್‌ವೇರ್‌ಗೆ ಬರೆದದ್ದು ವಾವ್6432ನೋಡ್ (32 ಬಿಟ್ ಪ್ರೋಗ್ರಾಂಗಳಿಗಿರುವ ಪ್ರತ್ಯೇಕ ಜಾಗ) ಅಡಿಯಲ್ಲಿ ಸಿಗುತ್ತದೆ. ಕಮಾಂಡಿನ ಕೊನೆಗೆ /ರೆಗ್:64 ಸೇರಿಸಿದರೆ ಮುಗಿಯಿತು. ಆನ್ಸರ್ ಫೈಲಿನ ಪ್ರೊಸೆಸರ್‌ಆರ್ಕಿಟೆಕ್ಚರ್ 64 ಬಿಟ್ ಇಮೇಜಿಗೆ ಎಎಂಡಿ64 ಎಂದೇ ಇದೆಯೇ ಎಂದೂ ನೋಡಿ.

ಕಮಾಂಡ್ ಓಡಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಸಿ:\ವಿಂಡೋಸ್\ಪ್ಯಾಂಥರ್ ತೆರೆಯಿರಿ. ಸೆಟಪ್‌ಆ್ಯಕ್ಟ್.ಲಾಗ್ ನಡೆದದ್ದನ್ನು ಹೇಳುತ್ತದೆ, ಸೆಟಪ್‌ಎರ್.ಲಾಗ್ ತಪ್ಪುಗಳನ್ನು. ಸ್ಪೆಷಲೈಝ್ ಮತ್ತು ಅದರ ನಂತರದ ಪಾಸ್‌ಗಳಿಗೆ ಒಳಗಿನ ಅನ್‌ಅಟೆಂಡ್‌ಜಿಸಿ ಫೋಲ್ಡರಿನ ಲಾಗ್ ನೋಡಬೇಕು. ಸೆಟಪ್ ಲಾಗ್ ಕಮಾಂಡಿನ ಎಕ್ಸಿಟ್ ಕೋಡ್ ಹೇಳೀತು, ಒಳಗಿನ ಮಾತು ಹೇಳುವುದಿಲ್ಲ. ಅದಕ್ಕಾಗಿ ಬ್ಯಾಚ್ ಫೈಲಿನ ಮೊದಲ ಸಾಲಿನಲ್ಲೇ ಹೂಆ್ಯಮ್‌ಐ (ಯಾವ ಖಾತೆಯಲ್ಲಿದ್ದೇವೆ ಎಂದು ಹೇಳುವ ಕಮಾಂಡ್) ಓಡಿಸಿ, ಪ್ರತಿ ಕಮಾಂಡಿನ ಔಟ್‌ಪುಟ್ ಮತ್ತು ಎರರ್ ಎರಡನ್ನೂ >> ಮತ್ತು 2>&1 ಬಳಸಿ ಒಂದು ಫೈಲಿಗೆ ತಿರುಗಿಸಿ. ಯಾರ ಹೆಸರಿನಲ್ಲಿ ಓಡಿತು ಎಂಬ ಪ್ರಶ್ನೆಗೆ ಆ ಮೊದಲ ಸಾಲೇ ಉತ್ತರ.

ಅದೇ ಪ್ಯಾಂಥರ್ ಫೋಲ್ಡರಿನಲ್ಲಿ ಆನ್ಸರ್ ಫೈಲಿನ ನಕಲೂ ಇರುತ್ತದೆ, ಮುಗಿದ ಪಾಸ್‌ಗಳ ಮೇಲೆ ವಾಸ್‌ಪಾಸ್‌ಪ್ರೊಸೆಸ್ಡ್ ಎಂಬ ಗುರುತಿನೊಂದಿಗೆ. ಯುಎಸ್‌ಬಿಯಲ್ಲಿ ಹೊಸ ಫೈಲ್ ಇಟ್ಟರೂ ಹಳೆಯದೇ ಜಾರಿಯಾಗುತ್ತಿದ್ದರೆ ಕಾರಣ ಇದು: ಹುಡುಕಾಟದ ಕ್ರಮದಲ್ಲಿ ಪ್ಯಾಂಥರ್‌ಗೆ ಯುಎಸ್‌ಬಿಗಿಂತ ಮೊದಲ ಸ್ಥಾನ. ಸೆರೆಹಿಡಿದ ಇಮೇಜುಗಳಲ್ಲಿ ಈ ತೊಂದರೆ ಹೆಚ್ಚು. ಸಿಸ್‌ಪ್ರೆಪ್ (ಸೆರೆಹಿಡಿಯುವ ಮೊದಲು ವಿಂಡೋಸನ್ನು ಸಿದ್ಧಪಡಿಸುವ ಟೂಲ್) ಓಡಿಸುವಾಗ /ಅನ್‌ಅಟೆಂಡ್: ಕೊಟ್ಟು ಹೊಸ ಫೈಲನ್ನು ನೇರವಾಗಿ ಹೆಸರಿಸಿ.

ಇಮೇಜನ್ನು ಡಿಸ್ಮ್‌ನಲ್ಲಿ (ವಿಂಡೋಸ್ ಇಮೇಜ್ ತೆರೆದು ತಿದ್ದುವ ಟೂಲ್) ಮೌಂಟ್ ಮಾಡಿ ಆಫ್‌ಲೈನ್ ಆಗಿಯೇ ಬರೆಯುವವರು ಕರೆಂಟ್‌ಕಂಟ್ರೋಲ್‌ಸೆಟ್ ಅನ್ನು ಹುಡುಕಬೇಡಿ. ಅದು ಬೂಟ್ ಆಗುವಾಗ ಹುಟ್ಟುವ ಕೊಂಡಿ, ಫೈಲಿನೊಳಗೆ ಇರುವುದಿಲ್ಲ. ಸೆಲೆಕ್ಟ್ ಕೀಯ ಡೀಫಾಲ್ಟ್ ವ್ಯಾಲ್ಯೂ 1 ಎಂದಿದ್ದರೆ ಕಂಟ್ರೋಲ್‌ಸೆಟ್001ಕ್ಕೆ ಬರೆಯಬೇಕು. ಕರೆಂಟ್‌ಕಂಟ್ರೋಲ್‌ಸೆಟ್ ಎಂದೇ ರೆಗ್ ಆ್ಯಡ್ ಕೊಟ್ಟರೆ ಆ ಹೆಸರಿನಲ್ಲೊಂದು ಮಾಮೂಲಿ ಕೀ ಸೃಷ್ಟಿಯಾಗುತ್ತದೆ, ನಿಮ್ಮ ಸೆಟ್ಟಿಂಗ್ ಯಾರಿಗೂ ಬೇಡವಾಗಿ ಅದರಲ್ಲೇ ಉಳಿಯುತ್ತದೆ. ಬರೆದಾದ ಮೇಲೆ ಮೊದಲು ಹೈವ್ ಅನ್‌ಲೋಡ್, ಆಮೇಲೆ /ಕಮಿಟ್ ಜೊತೆ ಅನ್‌ಮೌಂಟ್. ರೆಗ್‌ಎಡಿಟ್ ಕಿಟಕಿ ಆ ಹೈವ್ ಮೇಲೆ ತೆರೆದೇ ಇದ್ದರೆ ಎರಡೂ ಆಗುವುದಿಲ್ಲ.